ಮೈನಾರಿಟಿ: ಒಂದು ಶಬ್ದ ನಮ್ಮೂರಿಗೆ ಬಂದ ದಾರಿ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನೆರೆಮನೆಯ ಹುಡುಗ ಒಂದು ಅರ್ಜಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಅರ್ಜಿಯಲ್ಲಿ ಇಂಗ್ಲಿಷ್ ಇತ್ತು, ಮಲೆಯಾಳ ಇತ್ತು, ಕನ್ನಡ ಇರಲಿಲ್ಲ.

"ಮಾಷ್ಟ್ರೇ, ಇದರಲ್ಲಿ ಎರಡು ಕಡೆ ಒಂದೇ ನಮೂನೆಯ ಶಬ್ದ ಉಂಟು. ಒಂದು ಕಡೆ ನಾನು ಮೈನರಾ ಅಂತ ಕೇಳಿದ್ದಾರೆ. ಕೆಳಗೆ ಮೈನಾರಿಟಿಯಾ ಅಂತ ಕೇಳಿದ್ದಾರೆ. ಎರಡಕ್ಕೂ ಹೌದು ಅಂತ ಬರೆದರೆ ಸಾಕಲ್ಲ?"

"ಸಾಕು, ಬರೆ" ಎಂದೆ.

ಅವನು ಪೆನ್ನು ಎತ್ತಿ ಹಿಡಿದು ಮತ್ತೆ ಕೇಳಿದ. "ಹದಿನೆಂಟು ಆದ ಮೇಲೆ ನಾನು ಮೈನರ್ ಅಲ್ಲ. ಆಗ ಮೈನಾರಿಟಿಯೂ ಹೋಗ್ತದಾ?"

ಮೂವತ್ತು ವರ್ಷಕ್ಕಿಂತ ಹೆಚ್ಚು ಪಾಠ ಮಾಡಿದವ ನಾನು. ಆದರೂ ಆ ಪ್ರಶ್ನೆಗೆ ಕೂಡಲೇ ಉತ್ತರ ಬರಲಿಲ್ಲ. ನಮ್ಮ ಗಡಿನಾಡಿನಲ್ಲಿ ಈ ಶಬ್ದವನ್ನು ಬಳಸದ ಸಭೆಯಿಲ್ಲ, ಮನವಿಪತ್ರವಿಲ್ಲ. ಅದರ ಅರ್ಥ ಎಂತ, ಎಲ್ಲಿಂದ ಬಂತು, ನಮಗೆ ಅಂಟಿದ್ದು ಯಾವಾಗ ಎಂದು ನಾವು ವಿಚಾರಿಸಿದ್ದು ಕಡಿಮೆ. ವಾಚನಾಲಯದ ಪುಸ್ತಕಕ್ಕೆ ಒಂದು ಬರಹ ಬೇಕೆಂದು ಕೇಳಿದಾಗ ಆ ಹುಡುಗನ ಪ್ರಶ್ನೆಯೇ ನೆನಪಾಯಿತು.

ಮೊದಲು ಹುಡುಗನ ಪರವಾಗಿ ಒಂದು ಮಾತು. ಅವನು ಎರಡು ಶಬ್ದಗಳನ್ನು ಒಂದೇ ಬಳ್ಳಿಯ ಕಾಯಿಗಳೆಂದು ತಿಳಿದದ್ದು ತಪ್ಪಲ್ಲ. ಮೈನರ್ ಎಂಬುದು ಲ್ಯಾಟಿನ್ ಭಾಷೆಯ ಮಾತು. ಅರ್ಥ 'ಹೆಚ್ಚು ಸಣ್ಣದು'. ಇಂಗ್ಲಿಷಿನಲ್ಲಿ ಮೈನಾರಿಟಿ ಎಂದರೆ ಮೊದಲಿಗೆ ಪ್ರಾಯ ತುಂಬದ ಸ್ಥಿತಿ. ಸಣ್ಣ ಪ್ರಾಯದಲ್ಲಿ ಪಟ್ಟಕ್ಕೆ ಬಂದ ರಾಜನ ಪರವಾಗಿ ಬೇರೆಯವರು ಆಳುವ ಕಾಲಕ್ಕೆ ಆ ಹೆಸರಿತ್ತು. ನಮಗೆ ಗೊತ್ತಿರುವ ಉದಾಹರಣೆ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರು 1895ರಲ್ಲಿ ಬಾಲಕರಾಗಿದ್ದಾಗಲೇ ಪಟ್ಟಕ್ಕೆ ಬಂದರು. 1902ರ ತನಕ ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯ ನೋಡಿಕೊಂಡರು. ಆ ಏಳು ವರ್ಷ ಇಂಗ್ಲಿಷ್ ಕಾಗದಪತ್ರಗಳ ಭಾಷೆಯಲ್ಲಿ ಮಹಾರಾಜರ 'ಮೈನಾರಿಟಿ'. ಅದಕ್ಕೆ ಕೊನೆ ಇತ್ತು.

ನಮ್ಮ ಮನೆಗಳಿಗೂ ಶಬ್ದ ಬಂದದ್ದು ಹೀಗೆಯೇ. ಹಳೆಯ ಪೆಟ್ಟಿಗೆ ತೆರೆದು ಪಾಲುಪಟ್ಟಿಯನ್ನೋ ಕ್ರಯಪತ್ರವನ್ನೋ ನೋಡಿದರೆ ಮಕ್ಕಳ ಹೆಸರಿನ ಮುಂದೆ 'ಮೈನರ್' ಎಂದಿರುತ್ತದೆ, ಮತ್ತೆ ಗಾರ್ಡಿಯನ್ ಹೆಸರು. ಹದಿನೆಂಟು ತುಂಬಿದರೆ ಪ್ರಾಪ್ತ ವಯಸ್ಸು ಎಂದು 1875ರ ಕಾಯಿದೆ ಹೇಳಿತು. ಕನ್ನಡದಲ್ಲಿ ಇದಕ್ಕೆ ಅಪ್ರಾಪ್ತ ವಯಸ್ಕ ಎನ್ನುತ್ತೇವೆ. ಈ ಅರ್ಥದ ಮೈನಾರಿಟಿ ಕಾಲದಿಂದ ತೀರಿಹೋಗುವಂಥದ್ದು. ಕಾದರೆ ಆಯಿತು.

ಎರಡನೆಯ ಅರ್ಥ ಓಟಿನದು. ಸಭೆಯಲ್ಲಿ ಕೈ ಎತ್ತಿಸುವಾಗ ಕಡಿಮೆ ಬಿದ್ದ ಪಕ್ಷ ಮೈನಾರಿಟಿ. ಇದೂ ಬದಲಾಗುವಂಥದ್ದೇ. ಇವತ್ತು ಸೋತವ ನಾಡಿದ್ದು ಗೆಲ್ಲಬಹುದು. ನಮ್ಮ ಪಂಚಾಯತಿನಲ್ಲಿ ಅದನ್ನು ಎಷ್ಟು ಸಲ ನೋಡಿಲ್ಲ!

ಮೂರನೆಯ ಅರ್ಥ ಬಂದ ಮೇಲೆ ಶಬ್ದಕ್ಕೆ ಭಾರ ಬಂತು. ಒಂದು ದೇಶದೊಳಗೆ ಭಾಷೆಯಿಂದಲೋ ಮತದಿಂದಲೋ ಜನಾಂಗದಿಂದಲೋ ಬೇರೆಯಾಗಿ, ಸಂಖ್ಯೆಯಲ್ಲಿ ಕಡಿಮೆ ಇರುವ ಜನ ಎಂಬ ಅರ್ಥ ಅದು. ಮೊದಲನೆಯ ಮಹಾಯುದ್ಧ ಮುಗಿದಾಗ ಯುರೋಪಿನಲ್ಲಿ ದೊಡ್ಡ ಸಾಮ್ರಾಜ್ಯಗಳು ಒಡೆದು ಹೊಸ ದೇಶಗಳಾದವು. ಎಲ್ಲಿ ಗೆರೆ ಎಳೆದರೂ ಆಚೆಯವರು ಸ್ವಲ್ಪ ಈಚೆ, ಈಚೆಯವರು ಸ್ವಲ್ಪ ಆಚೆ ಉಳಿದರು. ಅವರನ್ನು ಕಾಪಾಡುವುದಕ್ಕೆ 1919ರಲ್ಲಿ ಪೋಲೆಂಡಿನೊಂದಿಗೆ, ಆಮೇಲೆ ಬೇರೆ ದೇಶಗಳೊಂದಿಗೆ ಒಪ್ಪಂದಗಳಾದವು. ಅಂತಾರಾಷ್ಟ್ರೀಯ ಕಾಗದಗಳಲ್ಲಿ ಶಬ್ದ ಈ ಅರ್ಥದಲ್ಲಿ ಬೇರೂರಿದ್ದು ಆಗ. ನೋಡಿ, ಈ ಅರ್ಥವೇ ಗಡಿಯ ಗೆರೆಯ ಹಿಂದೆ ಬಂದದ್ದು. ಗೆರೆ ಇಲ್ಲದಿದ್ದರೆ ಎಣಿಕೆ ಇಲ್ಲ, ಎಣಿಕೆ ಇಲ್ಲದಿದ್ದರೆ ಈ ಶಬ್ದವಿಲ್ಲ.

ಈಗ ನಮ್ಮ ಭಾಷೆಗಳು ಇದನ್ನು ಏನೆಂದು ಕರೆದವು ನೋಡುವ. ಕನ್ನಡದಲ್ಲಿ ಅಲ್ಪಸಂಖ್ಯಾತ. ಸಂಖ್ಯಾತ ಎಂದರೆ ಎಣಿಸಲ್ಪಟ್ಟ. ಅಲ್ಪಸಂಖ್ಯಾತ ಎಂದರೆ ಕಡಿಮೆ ಎಂದು ಎಣಿಸಲ್ಪಟ್ಟವ. ಎಣಿಸಿದವ ಬೇರೆ ಯಾರೋ ಇದ್ದಾನೆ ಎಂಬುದು ಶಬ್ದದೊಳಗೇ ಉಂಟು. ಆದರೆ ಜನರ ಕಿವಿಗೆ ಮೊದಲು ಬೀಳುವುದು 'ಅಲ್ಪ'. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆ ಗೊತ್ತಿರುವವರಿಗೆ ಅಲ್ಪ ಎಂದರೆ ಸಣ್ಣದು ಮಾತ್ರವಲ್ಲ, ಸಣ್ಣತನವೂ ಹೌದು. ಹಿಂದಿಯವರು ಅಲ್ಪಸಂಖ್ಯಕ ಎನ್ನುತ್ತಾರೆ. ತಮಿಳಿನವರದು ಸಿರುಪಾನ್ಮೈ, ಸಿರು ಎಂದರೆ ಕಿರಿದು.

ಮಲೆಯಾಳದಲ್ಲಿ ನ್ಯೂನಪಕ್ಷ. ಅವರಿಗೆ ಅದು ಬರೀ 'ಕಡಿಮೆ ಇರುವ ಬದಿ', ಅದಕ್ಕೆ ಎದುರು ಭೂರಿಪಕ್ಷ. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಕನ್ನಡದವರಿಗೆ ನ್ಯೂನ ಎಂದರೆ ಕುಂದು, ಕೊರತೆ. ಪಕ್ಷ ಎಂದರೆ ಪಾರ್ಟಿ. ಒಮ್ಮೆ ಸೀತಾಂಗೋಳಿ ಕಡೆ ಹೋಗುವಾಗ ಜೀಪಿನ ಮೈಕಿನಲ್ಲಿ ಈ ಶಬ್ದ ಕೇಳಿ ಜೊತೆಯಲ್ಲಿದ್ದ ಹಿರಿಯರೊಬ್ಬರು, "ಇದು ಯಾವ ಹೊಸ ಪಕ್ಷ ಮಾರಾಯ್ರೇ? ಎಡವಾ, ಬಲವಾ?" ಎಂದು ಕೇಳಿದ್ದರು. ನಾನು ನಕ್ಕೆ. "ನಮ್ಮದೇ ಪಕ್ಷ" ಎಂದೆ. ಅವರು ನಗಲಿಲ್ಲ. "ನಮಗೆ ನ್ಯೂನ ಎಂತ ಉಂಟು?" ಎಂದರು. ಒಂದೇ ಸಂಸ್ಕೃತ ಶಬ್ದ ಎರಡು ಭಾಷೆಗಳಲ್ಲಿ ಎರಡು ಬಣ್ಣ ತೆಗೆದುಕೊಂಡರೆ ಆಗುವ ಗೊಂದಲ ಇದು. ಆಡಿದವರಿಗೆ ಕೆಟ್ಟ ಉದ್ದೇಶವಿಲ್ಲ, ಕೇಳಿದವರಿಗೆ ನೋವಾದದ್ದೂ ಸುಳ್ಳಲ್ಲ. ನಮ್ಮ ಮಾಷ್ಟ್ರುಗಳು ಮಕ್ಕಳಿಗೆ ಎರಡನ್ನೂ ಹೇಳಿಕೊಡಬೇಕು.

ತುಳುವಿನಲ್ಲಿ ಇದಕ್ಕೆ ಬೇರೆ ಶಬ್ದ ಹುಟ್ಟಿದ್ದನ್ನು ನಾನು ಕೇಳಿಲ್ಲ. 'ಒಂತೆ ಜನ' ಎನ್ನುವರು, ಸ್ವಲ್ಪ ಜನ ಎಂದು. ಅದರಲ್ಲಿ ಹಕ್ಕಿನ ಮಾತೂ ಇಲ್ಲ, ಕೊರತೆಯ ಮಾತೂ ಇಲ್ಲ. ಮದುವೆಗೆ ಒಂತೆ ಜನ ಬಂದಿದ್ದರು ಎನ್ನುವ ಹಾಗೆ.

ಇನ್ನು ಚರಿತ್ರೆಗೆ ಬರುವ. ನಮ್ಮ ಪುತ್ತಿಗೆ ಕುಂಬಳೆ ಸೀಮೆಯ ಊರು. ತುಳು, ಕನ್ನಡ, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತು ಎಲ್ಲ ಒಂದೇ ಪೇಟೆಯಲ್ಲಿ ಕೇಳುತ್ತಿದ್ದವು, ಈಗಲೂ ಕೇಳುತ್ತವೆ. ಹಿಂದಿನವರು ಅಡಕೆ ಎಣಿಸಿದರು, ತೆಂಗಿನಕಾಯಿ ಎಣಿಸಿದರು, ಅಕ್ಕಿಯನ್ನು ಮುಡಿಯಲ್ಲಿ ಲೆಕ್ಕ ಹಾಕಿದರು. ಮನುಷ್ಯರನ್ನು ಭಾಷೆಯ ಮೇಲೆ ಎಣಿಸಿದ್ದು ಬ್ರಿಟಿಷರ ಜನಗಣತಿ. ಇಡೀ ದೇಶಕ್ಕೆ ಒಟ್ಟಿಗೇ ಜನಗಣತಿ ನಡೆದದ್ದು 1881ರಲ್ಲಿ, ಮಾತೃಭಾಷೆಯ ಪ್ರಶ್ನೆಯೂ ಅದರಲ್ಲಿತ್ತು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟು ದಕ್ಷಿಣ ಕನ್ನಡವನ್ನು ಮದ್ರಾಸಿನಲ್ಲೇ ಉಳಿಸಿದರು. ನಮ್ಮ ಕಾಸರಗೋಡು ತಾಲೂಕು ಆ ಜಿಲ್ಲೆಯ ತೆಂಕಣ ತುದಿ. ಇಲ್ಲಿ ಒಂದು ವಿಷಯವನ್ನು ನಾವು ಮರೆಯುತ್ತೇವೆ. ಆ ಮದ್ರಾಸ್ ಪ್ರಾಂತದಲ್ಲೂ ಕನ್ನಡಿಗರು ಸಂಖ್ಯೆಯಲ್ಲಿ ಕಡಿಮೆಯೇ. ತಮಿಳರ, ತೆಲುಗರ ಮುಂದೆ ನಾವೆಲ್ಲಿ? ಆದರೂ ನಮ್ಮ ಅಜ್ಜಂದಿರ ಬಾಯಲ್ಲಿ ಮೈನಾರಿಟಿ ಎಂಬ ಮಾತಿರಲಿಲ್ಲ. ಯಾಕೆಂದರೆ ಮಂಗಳೂರಿನ ಜಿಲ್ಲೆಯೊಳಗೆ ಕಚೇರಿಯ ಕಾಗದಕ್ಕೂ ಶಾಲೆಯ ಪುಸ್ತಕಕ್ಕೂ ಕನ್ನಡ ನಡೆಯುತ್ತಿತ್ತು. ಮದ್ರಾಸು ದೂರ, ಮಂಗಳೂರು ಹತ್ತಿರ. ಲೆಕ್ಕದಲ್ಲಿ ಕಡಿಮೆ ಇರುವುದು ಒಂದು, ನಮ್ಮ ಅಕ್ಷರಕ್ಕೆ ಕಚೇರಿಯಲ್ಲಿ ಜಾಗ ಇಲ್ಲದಿರುವುದು ಇನ್ನೊಂದು. ಮೊದಲನೆಯದು ಇದ್ದಾಗ ಯಾರಿಗೂ ನೋಯಲಿಲ್ಲ. ಎರಡನೆಯದು ಬಂದಾಗ ನೋವಾಯಿತು.

ಅದು ಬಂದ ದಿನ ಎಲ್ಲರಿಗೂ ಗೊತ್ತು, 1956ರ ನವಂಬರ 1. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಬೇಕು ಎಂದಿತು. ಇಡೀ ತಾಲೂಕನ್ನು ಒಂದಾಗಿ ಎಣಿಸಿದರೆ ಮಲೆಯಾಳ ಆಡುವವರು ಹೆಚ್ಚು ಎಂಬುದು ಅದರ ಲೆಕ್ಕ. ತಾಲೂಕನ್ನು ಒಂದಾಗಿ ಯಾಕೆ ಎಣಿಸಬೇಕು, ಚಂದ್ರಗಿರಿ ಹೊಳೆಯ ತೆಂಕಣ ಊರುಗಳೇ ಬೇರೆ, ಬಡಗಣ ಊರುಗಳೇ ಬೇರೆ ಎಂಬುದು ಇಲ್ಲಿನ ಕನ್ನಡಿಗರ ವಾದ. ಮಂಜೇಶ್ವರ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಮೊದಲಾದ ಹಿರಿಯರು ಈ ಪಕ್ಷದಲ್ಲಿ ನಿಂತವರು. ಮುಂದೆ ಕೇಂದ್ರ ಸರಕಾರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಡುವಾಗ ಎಣಿಕೆಯ ತುಂಡನ್ನೇ ಬದಲಾಯಿಸಿತು. ಹೊಳೆಯನ್ನು ಗೆರೆಯಾಗಿ ಹಿಡಿದು ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರಬೇಕು ಎಂದಿತು. ಕೇರಳ ಅದನ್ನು ಒಪ್ಪಲಿಲ್ಲ, ವರದಿ ಜಾರಿಗೆ ಬರಲಿಲ್ಲ.

ಯಾರು ಸರಿ ಯಾರು ತಪ್ಪು ಎಂಬ ತರ್ಕ ಈ ಬರಹದ್ದಲ್ಲ. ನಾನು ತೋರಿಸಹೊರಟದ್ದು ಇಷ್ಟೇ. ಜನ ಅದೇ, ಮನೆ ಅದೇ, ತೋಟ ಅದೇ. ತಾಲೂಕು ಹಿಡಿದು ಎಣಿಸಿದರೆ ಒಂದು ಉತ್ತರ, ಹೊಳೆ ಹಿಡಿದು ಎಣಿಸಿದರೆ ಇನ್ನೊಂದು. ಇನ್ನೂ ದೂರದಿಂದ ನೋಡಿ. 2011ರ ಜನಗಣತಿಯಲ್ಲಿ ದೇಶದಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ, ಮಲೆಯಾಳದವರು 3 ಕೋಟಿ 48 ಲಕ್ಷ. ದೇಶ ಹಿಡಿದರೆ ಕನ್ನಡಿಗರೇ ಹೆಚ್ಚು! ತಲಪಾಡಿ ಗೇಟು ದಾಟಿ ಮಂಗಳೂರಿಗೆ ಹೋದರೆ ಅಲ್ಲಿ ಮಲೆಯಾಳಿಗಳು ಅಲ್ಪಸಂಖ್ಯಾತರು. ಇಲ್ಲಿಂದ ಅಲ್ಲಿಗೆ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ.

ಸಂವಿಧಾನ ರಚಿಸುವಾಗ ಈ ಶಬ್ದದ ಚರ್ಚೆ ಆಗಿತ್ತು. 29ನೇ ವಿಧಿಯಲ್ಲಿ ಸ್ವಂತ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕನ್ನು ಹೇಳುವಾಗ ಅಲ್ಪಸಂಖ್ಯಾತ ಎಂದು ಹಾಕದೆ 'ನಾಗರಿಕರ ಯಾವುದೇ ವಿಭಾಗ' ಎಂದು ಹಾಕಿದರು. ಯಾಕೆ ಎಂಬುದನ್ನು 1948ರ ದಶಂಬರದಲ್ಲಿ ಡಾ. ಅಂಬೇಡ್ಕರ್ ಸಭೆಯಲ್ಲಿ ವಿವರಿಸಿದರು. ಮದ್ರಾಸಿನ ಸ್ವಲ್ಪ ಜನ ಮುಂಬಯಿಗೆ ಹೋಗಿ ನೆಲೆಸಿದರೆ, ಮಹಾರಾಷ್ಟ್ರದವರು ಬಂಗಾಳಕ್ಕೆ ಹೋಗಿ ನೆಲೆಸಿದರೆ, ಅವರು ಸರಕಾರಿ ಭಾಷೆಯ ಅಲ್ಪಸಂಖ್ಯಾತರಲ್ಲದಿದ್ದರೂ ಅವರ ಭಾಷೆ ಸಂಸ್ಕೃತಿಗಳಿಗೂ ರಕ್ಷೆ ಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ದೊಡ್ಡ ಮನಸ್ಸಿನ ಮಾತು. ಆದರೆ ಆ ಉದಾಹರಣೆಗಳನ್ನು ಓದಿದಾಗ ನನಗೆ ಒಂದು ಹೊಳೆಯಿತು. ಅದರಲ್ಲಿರುವವರೆಲ್ಲ ಊರು ಬಿಟ್ಟು ಹೋದವರು. ನಾವು ಎಲ್ಲಿಗೂ ಹೋದವರಲ್ಲ. ಮದ್ರಾಸ್ ರಾಜ್ಯದಲ್ಲಿ ಮಲಗಿ ಕೇರಳದಲ್ಲಿ ಎದ್ದವರು. ಪಾಲಕ್ಕಾಡಿನ ತಮಿಳರ ಕಥೆಯೂ ಇದೇ ಜಾತಿಯದು. 'ಬಂದವರು' ಮತ್ತು 'ಇದ್ದವರು' ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಶಬ್ದ.

30ನೇ ವಿಧಿಯಲ್ಲಿ ಅಲ್ಪಸಂಖ್ಯಾತ ಎಂಬ ಶಬ್ದವೇ ಉಂಟು. ಮತ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆ ಕಟ್ಟಬಹುದು, ನಡೆಸಬಹುದು. ಆದರೆ ಅಲ್ಪಸಂಖ್ಯಾತ ಎಂದರೆ ಯಾರು ಎಂದು ಸಂವಿಧಾನ ಎಲ್ಲಿಯೂ ಬಿಡಿಸಿ ಹೇಳಲಿಲ್ಲ. ಆ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಕೇರಳದಿಂದಲೇ. 1957ರಲ್ಲಿ ಇ.ಎಂ.ಎಸ್. ಸರಕಾರದ ಶಿಕ್ಷಣ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ರಾಷ್ಟ್ರಪತಿಗಳು ಅದರ ಬಗ್ಗೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಸಂಸ್ಥೆ ಇರುವ ಊರಲ್ಲಿ ಎಣಿಸಬೇಕು ಎಂಬುದು ರಾಜ್ಯದ ವಾದ. 1958ರ ಮೇ ತಿಂಗಳಲ್ಲಿ ಕೋರ್ಟು ಹೇಳಿತು: ಅರ್ಧಕ್ಕಿಂತ ಕಡಿಮೆ ಇದ್ದವರು ಅಲ್ಪಸಂಖ್ಯಾತರು, ಸರಿ, ಆದರೆ ಯಾವುದರ ಅರ್ಧ? ಜಿಲ್ಲೆಯದಾ, ತಾಲೂಕಿನದಾ, ಮುನ್ಸಿಪಾಲಿಟಿಯ ವಾರ್ಡಿನದಾ? ಒಂದು ಕೇರಿಯಲ್ಲಿ ಒಂದೇ ಸಮುದಾಯದವರು ಒಟ್ಟಾಗಿ ಕುಳಿತರೆ ಆ ಕೇರಿಯ ಲೆಕ್ಕದಲ್ಲಿ ಅವರೇ ಬಹುಸಂಖ್ಯಾತರಾಗಿ ಹಕ್ಕು ಕಳೆದುಕೊಳ್ಳಬೇಕಾ? ಕಾಯಿದೆ ಇಡೀ ರಾಜ್ಯಕ್ಕೆ ಅನ್ವಯಿಸುವುದರಿಂದ ಇಡೀ ರಾಜ್ಯದಲ್ಲಿ ಎಣಿಸಬೇಕು. ಮುಂದೆ 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ, ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದ ಕಾರಣ ಅಲ್ಪಸಂಖ್ಯಾತರನ್ನು ಗುರುತಿಸುವ ಘಟಕ ರಾಜ್ಯವೇ ಎಂದು ತೀರ್ಮಾನಿಸಿತು.

ಇದರಲ್ಲಿ ನಮಗೊಂದು ಪಾಠ ಉಂಟು. 'ನಮ್ಮೂರಲ್ಲಿ ನಾವು ಕಡಿಮೆ ಅಲ್ಲ' ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಹೇಳುವ. ಆದರೆ ಕಾನೂನಿನ ಮುಂದೆ ನಮ್ಮನ್ನು ಸಣ್ಣವರನ್ನಾಗಿ ಮಾಡಿದ ಆ ದೊಡ್ಡ ಲೆಕ್ಕವೇ ನಮಗೆ ಹಕ್ಕನ್ನೂ ಕೊಟ್ಟದ್ದು. ಕೊಡೆಯೂ ಅದೇ, ಮಳೆಯೂ ಅದೇ.

ಆ ಹಕ್ಕುಗಳು ಯಾವುವು? 1956ರ ಅದೇ ನವಂಬರ 1ರಂದು ಜಾರಿಗೆ ಬಂದ ಸಂವಿಧಾನದ ಏಳನೇ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. 350ಬಿ ವಿಧಿ ಇದನ್ನೆಲ್ಲ ನೋಡಿಕೊಳ್ಳುವ ವಿಶೇಷ ಅಧಿಕಾರಿಯ ನೇಮಕದ್ದು. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಇನ್ನೂ ಸರಳವಾಗಿ ಹೇಳಿತ್ತು: ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು, ಅಥವಾ ಕ್ಲಾಸಿನಲ್ಲಿ 10 ಮಕ್ಕಳು ಇದ್ದರೆ ಒಬ್ಬ ಮಾಷ್ಟ್ರಾದರೂ ಬೇಕು. 1969ರ ಕೇರಳದ ಆಡಳಿತ ಭಾಷಾ ಕಾಯಿದೆ ಮತ್ತು ಅದರ ತಿದ್ದುಪಡಿಯ ಪ್ರಕಾರ, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು.

ಬರಬೇಕು ಎಂಬುದು ಬೇರೆ, ಬರುವುದು ಬೇರೆ. ನಾನೇ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದು, ಮೂರು ತಿಂಗಳ ಮೇಲೆ ಮಲೆಯಾಳದಲ್ಲಿ ಉತ್ತರ ಪಡೆದು, ಅದನ್ನು ಓದಿಸುವುದಕ್ಕೆ ಅಂಗಡಿಯವರ ಹತ್ತಿರ ಹೋದವ. ಅವರು ಬ್ಯಾರಿ. ಚಂದ ಮಾಡಿ ಓದಿ ಹೇಳಿದರು, ಚಾ ಕೂಡ ಕುಡಿಸಿದರು. ನಮ್ಮ ಜಗಳ ಊರಿನ ಮಲೆಯಾಳಿಯೊಂದಿಗಲ್ಲ ಎಂದು ನನಗೆ ಅವತ್ತೂ ಗೊತ್ತಿತ್ತು. ಆದರೆ ಒಪ್ಪಿಕೊಳ್ಳಬೇಕಾದ ಸತ್ಯ ಇನ್ನೊಂದು. ಆ ಉತ್ತರವನ್ನು ಹಿಂದಕ್ಕೆ ಕಳಿಸಿ 'ಕನ್ನಡದಲ್ಲಿ ಕೊಡಿ' ಎಂದು ನಾನು ಬರೆಯಲಿಲ್ಲ. ಕೆಲಸ ಆಯಿತಲ್ಲ ಎಂದು ಸುಮ್ಮನಾದೆ. ಹಾಗೆ ಸುಮ್ಮನಾದವರು ನಮ್ಮಲ್ಲಿ ಎಷ್ಟು ಜನವೋ.

ಕೊನೆಗೆ ನಮ್ಮೊಳಗಿನ ಎಣಿಕೆಯ ಮಾತು. ನಾವು 'ಕನ್ನಡಿಗರು' ಎಂದು ಒಟ್ಟಾಗಿ ಹೇಳಿಕೊಳ್ಳುವವರಲ್ಲಿ ಬಹಳ ಮಂದಿ ಮನೆಯಲ್ಲಿ ಆಡುವುದು ತುಳು. ಕೆಲವರದು ಹವ್ಯಕ ಮಾತು, ಕೊಂಕಣಿ, ಮರಾಠಿ. ಈ ಊರಲ್ಲಿ ಕನ್ನಡಿಗ ಎಂದರೆ ಕನ್ನಡದಲ್ಲಿ ಓದಿದವ, ಬರೆಯುವವ, ಆಟ ನೋಡುವವ ಎಂದೇ ಅರ್ಥ. ಆದರೆ ಜನಗಣತಿ ಕೇಳುವುದು ಮಾತೃಭಾಷೆ. 2011ರಲ್ಲಿ ದೇಶದಲ್ಲಿ ತುಳು ಎಂದು ಬರೆಸಿದವರು 18 ಲಕ್ಷಕ್ಕಿಂತ ಹೆಚ್ಚು. ತುಳುವಿಗೆ ಇನ್ನೂ ಎಂಟನೇ ಪರಿಚ್ಛೇದದಲ್ಲಿ ಜಾಗವಿಲ್ಲ. ಹಾಗಾಗಿ ನಮ್ಮೂರಿನ ತುಳುವ ಕೇರಳದಲ್ಲಿ ಅಲ್ಪಸಂಖ್ಯಾತ ಮಾತ್ರವಲ್ಲ, ಆ ಅಲ್ಪಸಂಖ್ಯಾತರ ಪಟ್ಟಿಯಲ್ಲೂ ಸ್ವಂತ ಹೆಸರಿಲ್ಲದವ. ಕನ್ನಡಕ್ಕೆ ನ್ಯಾಯ ಕೇಳುವ ನಾವು ತುಳುವನ್ನು ನಮ್ಮ ಲೆಕ್ಕ ದೊಡ್ಡದು ಮಾಡುವುದಕ್ಕೆ ಮಾತ್ರ ನೆನಪಿಸಿಕೊಳ್ಳುತ್ತೇವಾ ಎಂದು ಒಮ್ಮೆ ಕೇಳಿಕೊಳ್ಳಬೇಕು. ನಮ್ಮ ನಡುವೆಯೂ ಒಂತೆ ಜನ ಇದ್ದಾರೆ.

ಆ ಸಂಜೆ ಹುಡುಗನ ಅರ್ಜಿಯಲ್ಲಿ ಕೊನೆಗೆ ಸಿಕ್ಕಿಬಿದ್ದದ್ದೂ ಅಲ್ಲಿಯೇ. ಮಾತೃಭಾಷೆ ಎಂಬ ಜಾಗದಲ್ಲಿ ಪೆನ್ನು ನಿಂತಿತು. "ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಯಾವುದು ಬರೆಯುವುದು ಮಾಷ್ಟ್ರೇ?"

"ಅಮ್ಮನ ಹತ್ತಿರ ಯಾವುದರಲ್ಲಿ ಮಾತಾಡ್ತಿ?"

"ತುಳು."

"ಹಾಗಾದರೆ ಅದನ್ನೇ ಬರೆ. ಕಲಿಕೆಯ ಮಾಧ್ಯಮ ಅಂತ ಕೆಳಗೆ ಉಂಟಲ್ಲ, ಅಲ್ಲಿ ಕನ್ನಡ ಅಂತ ಬರೆ. ಎರಡನ್ನೂ ಬಿಡಬೇಡ."

ಅವನ ಮೊದಲ ಪ್ರಶ್ನೆಗೂ ಉತ್ತರ ಕೊಟ್ಟೆ. ಮೈನರ್ ಎಂಬುದು ನಿನ್ನ ಪ್ರಾಯದ ಮೇಲೆ, ಅದು ತಾನಾಗಿ ಹೋಗ್ತದೆ. ಮೈನಾರಿಟಿ ಎಂಬುದು ಸರಕಾರ ಎಳೆದ ಗೆರೆಯ ಮೇಲೆ, ನೀನು ದೊಡ್ಡವನಾದರೂ ಅದು ಹೋಗುವುದಿಲ್ಲ. ಆದರೆ ಅದು ನಾಚಿಕೆಯ ಶಬ್ದವಲ್ಲ. ಅದರ ಹಿಂದೆ ನಿನಗೆ ಕೇಳುವ ಹಕ್ಕು ಉಂಟು. ಕೇಳಬೇಕು, ಅಷ್ಟೇ.

ಅವನು ಬರೆದ. ಅಕ್ಷರ ಸ್ವಲ್ಪ ಸೊಟ್ಟ, ಆದರೆ ಕನ್ನಡದ್ದು. ಇಂಗ್ಲಿಷ್ ಅರ್ಜಿಯಲ್ಲಿ ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ ಎಂದು ಕೇಳಿದ. "ಕೊಟ್ಟು ನೋಡು. ತೆಗೆದುಕೊಳ್ಳದಿದ್ದರೆ ನನ್ನ ಹತ್ತಿರ ಬಾ, ಒಟ್ಟಿಗೆ ಹೋಗುವ" ಎಂದೆ. ಈ ಸಲ ಸುಮ್ಮನಾಗುವುದಿಲ್ಲ ಎಂದು ನಿಶ್ಚಯ ಮಾಡಿದ್ದೇನೆ.